ಮಣ್ಣಿನ ಪದರಗಳಲ್ಲಿ ಮೂರು ಕಾಲಗಳು: ಬ್ರಹ್ಮಗಿರಿಯ ದರ್ಶನ

ಗೋಕಾಕ ಫಾಲ್ಸಿಗೆ ಹೋದವರು ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಧುಮುಕುವುದನ್ನು ಕಂಡು ಬೆರಗಾಗುವರು. ಆ ನದಿಯ ದಡದಲ್ಲಿಯೇ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ; ಅದೇ ನೀರಿನ ಬಲದಿಂದ 1887ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ತಾಣವೂ ಅಲ್ಲಿಯೇ ಇದೆ. ಇವೆರಡರಲ್ಲಿ ಯಾವುದು ಹಿಂದಿನದೆಂದು ಯಾವ ವಿದ್ಯಾರ್ಥಿಯಾದರೂ ಹೇಳಬಲ್ಲನು. ಆದರೆ ಒಂದು ಕಾಲದ ಜನರ ಮನೆಗಳ ಮೇಲೆ ಮತ್ತೊಂದು ಕಾಲದ ಜನರು ಮನೆ ಕಟ್ಟಿ, ಕೊನೆಗೆ ಎಲ್ಲವೂ ಮಣ್ಣಿನಡಿ ಹೂತುಹೋಗಿದ್ದರೆ ಅವುಗಳ ಕಾಲವನ್ನು ಅರಿಯುವುದು ಹೇಗೆ? ಇದನ್ನು ತಿಳಿಯಬಯಸುವವರು ನೋಡಬೇಕಾದ ಸ್ಥಳವು ನಮ್ಮ ನಾಡಿನಲ್ಲಿಯೇ ಇದೆ. ಅದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ.

ದೂರದಿಂದ ನೋಡಿದರೆ ಇದೊಂದು ಸಾಮಾನ್ಯವಾದ ಕಲ್ಲುಗುಡ್ಡ. 1892ರಲ್ಲಿ ಬಿ. ಎಲ್. ರೈಸರು ಇಲ್ಲಿಯ ಬಂಡೆಯೊಂದರ ಮೇಲೆ ಅಶೋಕನ ಶಾಸನವನ್ನು ಗುರುತಿಸಿದಾಗ ಈ ಗುಡ್ಡದ ಹೆಸರು ಜಗತ್ತಿಗೆ ತಿಳಿಯಿತು. ಶಾಸನವು ‘ಇಸಿಲ’ ಎಂಬ ಪಟ್ಟಣದ ಮಹಾಮಾತ್ರರನ್ನು ಉದ್ದೇಶಿಸಿದೆ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲವೂ ಬ್ರಾಹ್ಮೀ ಲಿಪಿಯಲ್ಲಿದ್ದರೂ, ಈತನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ.

1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಗುಡ್ಡದ ತಪ್ಪಲಿನಲ್ಲಿ ಉತ್ಖನನ ನಡೆಸಿದರು. ಮಣ್ಣಿನ ಪದರಗಳು ಕದಡದೆ ಇದ್ದಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಇದೇ ಈ ಶಾಸ್ತ್ರದ ಮೊದಲ ಸೂತ್ರ. ಅದರಂತೆ ಅಲ್ಲಿ ಮೂರು ಸಂಸ್ಕೃತಿಗಳು ಕಂಡುಬಂದವು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ಕೈಯಿಂದಲೇ ಮಾಡಿದ ಮಡಕೆಗಳೂ ದೊರೆತವು. ಈ ಜನರು ಸತ್ತ ಶಿಶುಗಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು. ಅದರ ಮೇಲಿನ ಪದರಗಳಲ್ಲಿ ಕಬ್ಬಿಣದ ಉಪಕರಣಗಳೂ ಚಕ್ರದ ಮೇಲೆ ತಿರುಗಿಸಿದ ಕಪ್ಪು-ಕೆಂಪು ಮಡಕೆಗಳೂ ಇದ್ದವು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿಯನ್ನು ಕೊರೆದು, ಸುತ್ತಲೂ ಕಲ್ಲಿನ ವರ್ತುಲವನ್ನು ರಚಿಸಿದ ಸಮಾಧಿಗಳು ಈ ಕಾಲದವು. ಮೂರನೆಯದು ಶಾತವಾಹನರ ಕಾಲದ ಪದರ.

ಹಿಂದು ಮುಂದಿನ ಕ್ರಮವೇನೋ ತಿಳಿಯಿತು; ಆದರೆ ವರ್ಷಗಳ ಲೆಕ್ಕ? ವೀಲರರು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅಗೆದಿದ್ದರು. ಅಲ್ಲಿ ಕಾಲವು ಗೊತ್ತಿದ್ದ ರೋಮನ್ ಮಡಕೆಗಳ ಜೊತೆಯಲ್ಲಿ ಒಂದು ವಿಶಿಷ್ಟ ಜಾತಿಯ ತಟ್ಟೆಗಳ ಚೂರುಗಳು ದೊರೆತಿದ್ದವು. ಅದೇ ಜಾತಿಯ ಚೂರುಗಳು ಬ್ರಹ್ಮಗಿರಿಯ ಮೂರನೆಯ ಪದರದಲ್ಲಿಯೂ ಸಿಕ್ಕಿದುದರಿಂದ, ಆ ಪದರವು ಕ್ರಿಸ್ತಶಕದ ಮೊದಲ ಶತಮಾನದ್ದೆಂದು ನಿರ್ಧಾರವಾಯಿತು. ಅಲ್ಲಿಂದ ಹಿಂದಕ್ಕೆ ಅಂದಾಜಿನಿಂದ ಎಣಿಸಿ, ಕಬ್ಬಿಣದ ಜನರು ಕ್ರಿ. ಪೂ. 200ರ ಸುಮಾರಿಗೆ ಬಂದರೆಂದು ವೀಲರರು ಹೇಳಿದರು.

ಈ ಮಾತಿನ ಪರಿಣಾಮವನ್ನು ಗಮನಿಸಿರಿ. ಅಶೋಕನ ಶಾಸನವು ಕ್ರಿ. ಪೂ. ಮೂರನೆಯ ಶತಮಾನದ ಮಧ್ಯಭಾಗದ್ದು. ವೀಲರರ ಲೆಕ್ಕವು ಸರಿಯಾಗಿದ್ದರೆ, ಚಪಡನು ಬಂಡೆಯ ಮೇಲೆ ಅಕ್ಷರಗಳನ್ನು ಕೆತ್ತುತ್ತಿದ್ದಾಗ ಕೆಳಗಿನ ಊರಿನವರು ಇನ್ನೂ ಕಲ್ಲಿನ ಕೊಡಲಿಯನ್ನೇ ಹಿಡಿದಿದ್ದರೆಂದಾಗುವುದು!

ಈ ಗೊಂದಲವನ್ನು ಬಿಡಿಸಿದುದು ಭೌತ-ರಸಾಯನ ಶಾಸ್ತ್ರಗಳ ನೆರವು. ಜೀವಿಗಳ ದೇಹದಲ್ಲಿ ವಿಕಿರಣಶೀಲವಾದ ಇಂಗಾಲ-14 ಅತ್ಯಲ್ಪ ಪ್ರಮಾಣದಲ್ಲಿರುವುದು. ಜೀವಿಯು ಸತ್ತ ಮೇಲೆ ಹೊಸದಾಗಿ ಅದು ಸೇರುವುದಿಲ್ಲ. ಇದ್ದುದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧದಷ್ಟಾಗುತ್ತ ಹೋಗುವುದು. ಆದುದರಿಂದ ಹಳೆಯ ಒಲೆಯ ಇದ್ದಿಲಿನಲ್ಲಿ ಅದು ಎಷ್ಟು ಉಳಿದಿದೆಯೆಂದು ಅಳೆದು, ಆ ಮರದ ಕಾಲವನ್ನು ಗಣಿಸಬಹುದು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ, ತೆಲಂಗಾಣದ ಉತ್ನೂರು ಮೊದಲಾದ ನೆಲೆಗಳಲ್ಲಿ ಹೀಗೆ ಮಾಡಿದ ಪರೀಕ್ಷೆಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. ಕಬ್ಬಿಣವು ಇಲ್ಲಿ ಕ್ರಿ. ಪೂ. 1000ಕ್ಕೂ ಮೊದಲೇ ಬಳಕೆಯಲ್ಲಿತ್ತೆಂದು ಈಗ ತಿಳಿದಿದೆ. ವೀಲರರ ಪದರಗಳ ಕ್ರಮವು ಉಳಿಯಿತು. ವರ್ಷಗಳು ಮಾತ್ರ ಬದಲಾದವು.

ಇಂತಹ ನೆಲೆಗಳು ಬೇರೆ ದೇಶಗಳಲ್ಲಿಯೂ ಇವೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ತಕಾಲಿಕ್ ಅಬಾಹ್ ಎಂಬಲ್ಲಿ ಓಲ್ಮೆಕ್ ಸಂಸ್ಕೃತಿಯು ಕ್ರಮವಾಗಿ ಮಾಯಾ ಸಂಸ್ಕೃತಿಗೆ ದಾರಿಮಾಡಿಕೊಟ್ಟುದು ಕಾಣುವುದು. 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಒಂದು ಶಿಲೆಯ ಮೇಲೆ ಕ್ರಿ. ಶ. 126ಕ್ಕೆ ಸಮನಾದ ತೇದಿಯನ್ನು ಮಾಯಾ ಜನರೇ ಕೆತ್ತಿದ್ದಾರೆ. ಬ್ರಹ್ಮಗಿರಿಯ ಕೊಡಲಿಯ ಮೇಲಾಗಲಿ ಸಮಾಧಿಯ ಚಪ್ಪಡಿಯ ಮೇಲಾಗಲಿ ಅಂತಹ ತೇದಿಯಿಲ್ಲ. ಆದರೂ ಎರಡೂ ಕಡೆ ಒಂದು ಪಾಠವಿದೆ: ಬ್ರಹ್ಮಗಿರಿಯಲ್ಲಿಯೂ ಕಲ್ಲಿನ ಕೊಡಲಿಯ ಕಾಲವು ಮುಗಿಯುವ ಮುನ್ನವೇ ಕಬ್ಬಿಣದ ಕಾಲದ ಮಡಕೆಗಳು ಬೆರೆತುಕೊಂಡಿವೆ. ಒಂದು ಸಂಸ್ಕೃತಿಯು ಇನ್ನೊಂದಕ್ಕೆ ಒಂದೇ ದಿನದಲ್ಲಿ ಎಡೆಗೊಡುವುದಿಲ್ಲ.

ಬ್ರಹ್ಮಗಿರಿಗೆ ಹೋಗುವ ವಿದ್ಯಾರ್ಥಿಯು ಕಾಲಡಿಯಲ್ಲಿ ಮಡಕೆಯ ಚೂರನ್ನು ಕಂಡರೆ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬಾರದು. ಇದ್ದಲ್ಲಿಯೇ ಇರುವ ಚೂರು ಸಾಕ್ಷಿ ನುಡಿಯುವುದು. ಸ್ಥಳದಿಂದ ಕಿತ್ತ ಚೂರು ಬರಿಯ ಓಡು. ಅರಿಕಮೇಡುವಿನ ಕೆಲವು ಚೂರುಗಳೇ ಬ್ರಹ್ಮಗಿರಿಯ ಕಾಲಕ್ಕೆ ಮೊದಲ ಕೀಲಿಯಾದುವೆಂಬುದನ್ನು ನಾವು ಮರೆಯದಿರೋಣ.