ಪ್ರಾರ್ಥನೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ

ಉಗಾಂಡಾದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶಾ ಅವರ ಪತ್ನಿ ತೀರಿಕೊಂಡದ್ದು 1991ರಲ್ಲಿ. ಸಾವಿಗೆ ಏಡ್ಸ್ ಕಾರಣವೆಂದು ತಿಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ತಾವೂ ಪರೀಕ್ಷೆ ಮಾಡಿಸಿಕೊಂಡರು, ಎಚ್‌ಐವಿ ಸೋಂಕಿತ್ತು. ಈಗಿನಂಥ ಔಷಧ ಎಲ್ಲೂ ಸಿಗದ ಕಾಲವದು. 1992ರಲ್ಲಿ ಅವರು ಅದನ್ನು ಬಹಿರಂಗವಾಗಿಯೇ ಹೇಳಿದರು. ಆಫ್ರಿಕಾದಲ್ಲಿ ಹಾಗೆ ಹೇಳಿಕೊಂಡ ಮೊದಲ ಧರ್ಮಗುರು ಅವರು.

ಗುರುಗಳೇ ಹೀಗೆ ಹೇಳಿಕೊಂಡರೆ ಆಗುವುದೇನು? ಎಚ್‌ಐವಿ ಪಾಪದ ಫಲ ಎಂದು ನಂಬಿರುವ ಕಡೆ ಜನ ರೋಗಕ್ಕಿಂತ ಊರ ಬಾಯಿಗೆ ಹೆಚ್ಚು ಹೆದರುತ್ತಾರೆ. ಪರೀಕ್ಷೆಗೆ ಹೋಗುವುದಿಲ್ಲ. ಹೋದರೂ ಮಾತ್ರೆ ಡಬ್ಬಿಯನ್ನು ಬಟ್ಟೆಯ ಸಂದಿಯಲ್ಲಿ ಬಚ್ಚಿಟ್ಟು, ನೆಂಟರು ಬಂದ ದಿನ ನುಂಗುವುದನ್ನೇ ಬಿಡುತ್ತಾರೆ. ತಾವು ನಂಬಿದ ಗುರುವಿನ ಬಾಯಿಂದಲೇ ‘ನನಗೂ ಇದೆ’ ಎಂಬ ಮಾತು ಬಂದಾಗ ಆ ಹೆದರಿಕೆಯ ಬುಡವೇ ಅಲುಗುತ್ತದೆ.

ಆಗಿನ ಏಡ್ಸ್ ತಡೆ ಪ್ರಚಾರದಲ್ಲಿ ಇದ್ದದ್ದು ಸಂಯಮ, ನಿಷ್ಠೆ, ಕಾಂಡೋಮ್. ಗಂಡನಿಂದ ಸೋಂಕು ತಗುಲಿದ ಹೆಂಡತಿಗೆ, ಹುಟ್ಟುವಾಗಲೇ ಸೋಂಕು ಪಡೆದ ಮಗುವಿಗೆ ಇದರಲ್ಲಿ ಜಾಗವೆಲ್ಲಿ? ಸೋಂಕಿದ್ದವರೆಲ್ಲ ನಡತೆಗೆಟ್ಟವರೆಂಬ ಅರ್ಥ ತಾನಾಗಿ ಹೊರಡುತ್ತಿತ್ತು. ಗಿಡಿಯನ್ ಜೊತೆಗಾರರೊಡನೆ ಕಟ್ಟಿದ ಧರ್ಮಗುರುಗಳ ಜಾಲ ‘ಸೇವ್’ ಎಂಬ ಬೇರೆ ಸೂತ್ರ ಹಿಡಿಯಿತು: ಸುರಕ್ಷಿತ ನಡವಳಿಕೆ, ಔಷಧ, ಸ್ವಂತ ಇಚ್ಛೆಯ ಪರೀಕ್ಷೆ ಮತ್ತು ಆಪ್ತಸಲಹೆ, ತಿಳಿವಳಿಕೆಯ ಬಲ.

ಇದರಲ್ಲಿ ಔಷಧದ ಪಾಲು ದೊಡ್ಡದು. ಎಚ್‌ಐವಿ ನಮ್ಮ ರೋಗನಿರೋಧಕ ಸಿಡಿ4 ಕೋಶಗಳನ್ನು ಹೊಕ್ಕು ಅಲ್ಲೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಎಆರ್‌ಟಿ (ವೈರಸ್ ನಿಗ್ರಹ ಚಿಕಿತ್ಸೆ) ಮಾತ್ರೆ ಅದನ್ನು ತಡೆಯುತ್ತದೆ, ಆದರೆ ವೈರಸ್ಸನ್ನು ಪೂರ್ತಿ ಅಳಿಸುವುದಿಲ್ಲ. ಮಾತ್ರೆ ಬಿಟ್ಟರೆ ಅವಿತಿದ್ದದ್ದು ಮತ್ತೆ ಏಳುತ್ತದೆ; ಅದೇ ಔಷಧಕ್ಕೆ ಬಗ್ಗದಂತೆಯೂ ಆಗಬಹುದು. ದಿನಾ ತಪ್ಪದೆ ನುಂಗಿ, ರಕ್ತದಲ್ಲಿನ ವೈರಸ್ ಪ್ರಮಾಣ (ವೈರಲ್ ಲೋಡ್) ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ತಾಯಿಯಿಂದ ಮಗುವಿಗೆ ತಗಲುವ ಸಂಭವ ಚಿಕಿತ್ಸೆಯಿಲ್ಲದಿದ್ದರೆ ಶೇ 15ರಿಂದ 45. ಚಿಕಿತ್ಸೆಯಿದ್ದರೆ ಶೇ 5ಕ್ಕಿಂತ ಕಡಿಮೆ. ಗಿಡಿಯನ್ ಮರುಮದುವೆಯಾದದ್ದು ಎಚ್‌ಐವಿ ಇದ್ದ ಮಹಿಳೆಯನ್ನೇ. ಅವರ ಮಕ್ಕಳಿಗೆ ಸೋಂಕಿಲ್ಲ.

ಹೀಗಿರುವಾಗ ‘ದೇವರು ವಾಸಿ ಮಾಡಿದ್ದಾನೆ, ಮಾತ್ರೆ ಬಿಡು’ ಎನ್ನುವವರು ಯಾವ ಧರ್ಮದವರೇ ಆಗಲಿ, ಜೀವಕ್ಕೆ ಕುತ್ತು ತರುತ್ತಿದ್ದಾರೆ.

ನಮ್ಮ ಭಾರತದಲ್ಲಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ, ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ, ಎರಡೂ ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲೂ ಭೇದ ಮಾಡುವಂತಿಲ್ಲ. ಎಲ್ಲರೂ ಗಿಡಿಯನ್‌ರಂತೆ ಜನರ ಮುಂದೆ ನಿಂತು ಹೇಳಬೇಕೆಂದೇನಿಲ್ಲ; ಹೇಳುವುದು, ಬಿಡುವುದು ಅವರವರ ಹಕ್ಕು. ಆದರೆ ನೀವು ಮಠ, ದೇವಸ್ಥಾನ, ಮಸೀದಿ, ಚರ್ಚಿನಲ್ಲಿ ನಾಲ್ಕು ಜನ ಕಿವಿಗೊಡುವ ಹಿರಿಯರಾಗಿದ್ದರೆ ಮುಂದಿನ ಸಭೆಯಲ್ಲಿ ಇಷ್ಟಾದರೂ ಹೇಳಿ: ಇದು ಶಾಪವಲ್ಲ, ಮಾತ್ರೆ ಬಿಡಬೇಡಿ, ಸಂಶಯವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ.