ಮಾತು ಮರಳಲಿ, ಮನೆಮಾತಿನಲ್ಲೇ

ಮುಂಬಯಿ: ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡರೂ ಮಾತು ಬಾರದೆ ಪರದಾಡುವ ಹಿರಿಯರು ನಗರದ ತುಳು-ಕನ್ನಡಿಗರ ಮನೆಗಳಲ್ಲೂ ಇದ್ದಾರೆ. ಹೆಚ್ಚಾಗಿ ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬರುವ ಈ ತೊಂದರೆಗೆ ಅಫೇಸಿಯಾ ಎಂದು ಹೆಸರು. ಇವರಿಗೆ ಬುದ್ಧಿ ಕೆಟ್ಟಿರುವುದಿಲ್ಲ, ಪದ ಸಿಗುವುದಿಲ್ಲ ಅಷ್ಟೆ.

ಇಲ್ಲಿ ಎದುರಾಗುವ ತೊಡಕು ಭಾಷೆಯದು. ಥೆರಪಿಸ್ಟ್ ಮರಾಠಿ, ಹಿಂದಿ ಬಲ್ಲವರು. ರೋಗಿಯ ಮನೆಮಾತು ಕನ್ನಡ ಅಥವಾ ತುಳು. ಹಿಂದಿಯಲ್ಲಿ ಉತ್ತರಿಸದ ಮಾತ್ರಕ್ಕೆ ಏನೂ ತಿಳಿಯದವರೆಂದು ಎಣಿಸಬಾರದು. ರೋಗಿ ಯಾವ ಭಾಷೆ ಆಡುತ್ತಿದ್ದರು, ಯಾವುದರಲ್ಲಿ ಓದಿ ಬರೆಯುತ್ತಿದ್ದರು ಎಂಬುದನ್ನು ಮನೆಯವರು ಮೊದಲ ಭೇಟಿಯಲ್ಲೇ ತಿಳಿಸುವುದು ಒಳಿತು.

1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ವಯಸ್ಕರ ಅಫೇಸಿಯಾ ಚಿಕಿತ್ಸೆಗೆ ಕನ್ನಡದಲ್ಲೇ ಕೈಪಿಡಿ ಸಿದ್ಧಪಡಿಸಿದೆ. ಇದನ್ನು ಥೆರಪಿಸ್ಟರ ಗಮನಕ್ಕೆ ತರಬಹುದು. ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲೂ ವಾಕ್ ಚಿಕಿತ್ಸೆ ಲಭ್ಯ.

ಮನೆಯಲ್ಲಿ ಒಂದು ನೋಟ್‌ಬುಕ್ ಸಾಕು. ನೀರು, ಗಂಜಿ, ಕನ್ನಡಕ, ಶೌಚಾಲಯ, ಮಕ್ಕಳು-ಮೊಮ್ಮಕ್ಕಳ ಫೋಟೊ ಅಂಟಿಸಿ, ಕೆಳಗೆ ಮನೆಯಲ್ಲಿ ಕರೆಯುವ ಹೆಸರನ್ನೇ ಕನ್ನಡ ಲಿಪಿಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಕು. ಅವರ ಪರವಾಗಿ ತಾವೇ ಮಾತಾಡಬಾರದು.

ಜತೆಗೆ ಬಲಗೈ ಸೋತಿದ್ದರೆ ಆಕ್ಯುಪೇಷನಲ್ ಥೆರಪಿಸ್ಟರ ಸಲಹೆ ಅಗತ್ಯ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿಯಲು ಸುಲಭ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಕಳಚುವಾಗ ಕೊನೆಗೆ.

ವರ್ಷ ಕಳೆದರೂ ಸುಧಾರಣೆ ಸಾಧ್ಯವಿರುವುದರಿಂದ ಮನೆಯವರು ಅಭ್ಯಾಸ ಕೈಬಿಡದಿರುವುದೇ ಮುಖ್ಯ.