ಎಂಜಿನ್‌ಗೆ ಧೂಳು ತಿನ್ನಿಸದ ಫಿಲ್ಟರ್: ಡೀಸೆಲ್ ಲಾರಿಗೆ ಯಾವುದು ಸರಿ?

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 12 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಅದು ಸುಮಾರು 10 ಸಾವಿರ. ಡೀಸೆಲ್ ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುವುದರಿಂದ ರಸ್ತೆಯ ಮೇಲೆ ಈ ಲೆಕ್ಕ 15 ಸಾವಿರವನ್ನೂ ದಾಟುತ್ತದೆ. ದಿನಕ್ಕೆ 100 ಲೀಟರ್ ಡೀಸೆಲ್ ಕುಡಿಯುವ ಲಾರಿ ಹಾಗಾದರೆ 15 ಲಕ್ಷ ಲೀಟರ್ ಗಾಳಿ ನುಂಗುತ್ತದೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಆ ಗಾಳಿ ಒಂದು ಬಗೆಯದು. ಸಂಡೂರಿನ ಅದಿರು ಗಣಿಯಿಂದ ಕೆಂಪು ಧೂಳಿನಲ್ಲಿ ಇಳಿದು ಬರುವ ಟಿಪ್ಪರ್‌ಗೆ ಸಿಗುವ ಗಾಳಿಯೇ ಬೇರೆ. ಫಿಲ್ಟರ್ ಆಯ್ಕೆ ಈ ವ್ಯತ್ಯಾಸದಿಂದಲೇ ಶುರುವಾಗಬೇಕು.

ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಕಣ ಉಕ್ಕಿಗೇ ಗೀರು ಹಾಕುವಷ್ಟು ಗಟ್ಟಿ. ಎಂಜಿನ್‌ನೊಳಗೆ ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪದರ. ಮನುಷ್ಯನ ಒಂದು ಕೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಹೆಚ್ಚು ಹಾನಿ ಮಾಡುವುದು ಆಯಿಲ್ ಪದರದ ದಪ್ಪಕ್ಕೆ ಹತ್ತಿರವಿರುವ, 5ರಿಂದ 20 ಮೈಕ್ರಾನಿನ ಕಣಗಳು. ಕಣ್ಣಿಗೆ ಕಾಣದ ಇವು ಎರಡು ಲೋಹಗಳ ನಡುವೆ ಸಿಕ್ಕಿಕೊಂಡು ಉಪ್ಪುಕಾಗದದಂತೆ ಉಜ್ಜುತ್ತವೆ. ಲೈನರ್ ಸವೆದರೆ ಕಂಪ್ರೆಷನ್ ಇಳಿಯುತ್ತದೆ, ಎಂಜಿನ್ ಆಯಿಲ್ ತಿನ್ನತೊಡಗುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ಚಕ್ರದ ರೆಕ್ಕೆಗಳ ಅಂಚೂ ಇದೇ ಧೂಳಿಗೆ ಸವೆಯುತ್ತದೆ.

ಏರ್ ಫಿಲ್ಟರ್: ಎಷ್ಟು ಗಾಳಿ ಎನ್ನುವುದಕ್ಕಿಂತ ಎಷ್ಟು ಧೂಳು

ಹಳೆಯ ಲಾರಿ, ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುತ್ತಿತ್ತು. ಗಾಳಿ ಆಯಿಲ್‌ಗೆ ಬಡಿದು ತಿರುಗುವಾಗ ಧೂಳು ಅಲ್ಲೇ ಉಳಿಯುತ್ತಿತ್ತು. ಎಂಜಿನ್ ನಿಧಾನವಾಗಿ ಓಡುವಾಗ ಗಾಳಿಯ ವೇಗ ಸಾಲದೆ ಅದರ ಹಿಡಿತ ಸಡಿಲವಾಗುತ್ತಿತ್ತು. ಈಗಿನ ಲಾರಿಗಳಲ್ಲಿರುವುದು ಮಡಿಕೆ ಮಡಿಕೆಯಾದ ಕಾಗದದ ಒಣ ಫಿಲ್ಟರ್. ಒಳ್ಳೆಯದಾದರೆ ಅದು ಬಂದ ಧೂಳಿನಲ್ಲಿ ಶೇ. 99.9ರಷ್ಟನ್ನು ತಡೆಯುತ್ತದೆ.

ಶೇ. 98 ಮತ್ತು 99.9ರ ನಡುವಿನ ಅಂತರ ಕೇಳುವುದಕ್ಕೆ ಸಣ್ಣದು. ಆದರೆ ಒಂದು ಕಿಲೋ ಧೂಳು ಬಂದಾಗ ಮೊದಲನೆಯದು 20 ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು 1 ಗ್ರಾಂ. ಎಂಜಿನ್‌ನ ಮಟ್ಟಿಗೆ ಇದು ಇಪ್ಪತ್ತು ಪಟ್ಟು ವ್ಯತ್ಯಾಸ. ಹೀಗಾಗಿ ಫಿಲ್ಟರ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಐಎಸ್‌ಒ 5011 ಪರೀಕ್ಷೆಯಲ್ಲಿ ಅದರ ಫಲಿತಾಂಶ ಏನು ಎನ್ನುವುದು. ಗೊತ್ತಾದ ಗಾತ್ರದ ಧೂಳನ್ನು ಗಾಳಿಯ ಜೊತೆ ಬಿಟ್ಟು, ಎಷ್ಟು ನಿಂತಿತು, ಎಷ್ಟು ದಾಟಿತು ಎಂದು ತೂಕ ಮಾಡಿ ನೋಡುವ ಪರೀಕ್ಷೆ ಅದು.

ಎಣ್ಣೆ ಸವರಿದ ಹತ್ತಿ ಜಾಲರಿಯ ಫಿಲ್ಟರ್‌ಗಳನ್ನು ಹೆಚ್ಚು ಗಾಳಿ, ಹೆಚ್ಚು ಪವರ್ ಎಂಬ ಭರವಸೆಯ ಮೇಲೆ ಮಾರಲಾಗುತ್ತದೆ. ಗಾಳಿ ಸಲೀಸಾಗಿ ಹೋಗುತ್ತದೆ ಎನ್ನುವುದು ನಿಜ. ಸಣ್ಣ ಧೂಳೂ ಅಷ್ಟೇ ಸಲೀಸಾಗಿ ಹೋಗುವ ಅಪಾಯವಿದೆ. ಡೀಸೆಲ್ ಎಂಜಿನ್‌ನ ಪವರ್ ನಿರ್ಧಾರವಾಗುವುದು ಸಿಂಪಡಿಸುವ ಡೀಸೆಲ್‌ನ ಪ್ರಮಾಣದಿಂದ. ಗಾಳಿ ಮೊದಲೇ ಮಿಗುವಷ್ಟಿರುವಾಗ ಇನ್ನಷ್ಟು ಕೊಟ್ಟರೆ ಲೋಡ್ ಲಾರಿ ಘಾಟ್ ಹತ್ತುವುದರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣದು. ಎಣ್ಣೆ ಹೆಚ್ಚಾಗಿ ಸವರಿದರೆ ಅದು ಹಾರಿ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂರುವುದೂ ಉಂಟು.

ಗಣಿ, ಕ್ವಾರಿ, ಮಣ್ಣು ರಸ್ತೆಯ ಕೆಲಸಕ್ಕೆ ನಿಜವಾಗಿ ಲಾಭ ಕೊಡುವ ಬದಲಾವಣೆಗಳು ಮೂರು. ಮೊದಲನೆಯದು ಪ್ರೀ ಕ್ಲೀನರ್. ಒಳಬರುವ ಗಾಳಿಯನ್ನು ಸುಳಿಯಂತೆ ಸುತ್ತಿಸಿ, ಭಾರದ ಕಣಗಳನ್ನು ಫಿಲ್ಟರ್ ಮುಟ್ಟುವ ಮೊದಲೇ ಇದು ಹೊರಗೆ ಎಸೆಯುತ್ತದೆ. ಎರಡನೆಯದು ದೊಡ್ಡ ಫಿಲ್ಟರ್ ಅಥವಾ ಕಾಗದದ ಮೇಲೆ ಅತಿ ಸಣ್ಣ ಎಳೆಗಳ ಪದರವಿರುವ ನ್ಯಾನೊ ಫೈಬರ್ ಫಿಲ್ಟರ್. ಮೂರನೆಯದು ಗಾಳಿ ಎಳೆಯುವ ಬಾಯಿಯನ್ನು ಚಕ್ರದ ಧೂಳಿನಿಂದ ದೂರ, ಕ್ಯಾಬಿನ್‌ನ ಹಿಂದೆ ಎತ್ತರದಲ್ಲಿ ಇಡುವುದು. ಹೊರಗಿನ ಫಿಲ್ಟರ್ ಒಳಗೆ ಇನ್ನೊಂದು ಸೇಫ್ಟಿ ಫಿಲ್ಟರ್ ಇದ್ದರೆ ಅದನ್ನು ತೆಗೆದು ಓಡಿಸುವಂತಿಲ್ಲ, ಊದಿ ಮತ್ತೆ ಹಾಕುವಂತೆಯೂ ಇಲ್ಲ. ಅದರ ಅವಧಿ ಮುಗಿದಾಗ ಬದಲಿಸುವುದೇ ಸರಿ.

ಫಿಲ್ಟರನ್ನು ಟೈರಿಗೆ ಬಡಿದು ಧೂಳು ಉದುರಿಸುವುದು ಹಲವು ಕಡೆ ಕಾಣುವ ಅಭ್ಯಾಸ. ಎರಡು ಏಟಿಗೆ ತಗಡಿನ ಅಂಚು ಬಾಗಿದರೆ ರಬ್ಬರ್ ಸೀಲ್ ಕೂರುವುದಿಲ್ಲ; ಜೋರಾದ ಗಾಳಿ ಹೊಡೆದರೆ ಕಾಗದದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಊದಬೇಕು. ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಏಕೆಂದರೆ ಕೂತ ಧೂಳಿನ ಪದರವೇ ಸಣ್ಣ ಕಣಗಳನ್ನು ಹಿಡಿಯುತ್ತದೆ. ಆದ್ದರಿಂದ ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಎಂದು ತೋರಿಸುವ ಇಂಡಿಕೇಟರ್ ಕೆಂಪಾಗುವವರೆಗೆ ಮುಚ್ಚಳ ತೆಗೆಯದಿರುವುದೇ ಲೇಸು. ಹಲವು ಟರ್ಬೊ ಎಂಜಿನ್‌ಗಳಲ್ಲಿ ಗಾಳಿಯ ತಡೆ ಸುಮಾರು 635 ಮಿ.ಮೀ. ನೀರಿನ ಕಂಬದ ಒತ್ತಡಕ್ಕೆ ಸಮವಾದಾಗ ಬದಲಿಸಬೇಕೆಂಬ ನಿಯಮವಿದೆ.

ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಅದರಿಂದ ಟರ್ಬೊಗೆ ಹೋಗುವ ಹೋಸ್ ಒಡೆದಿದ್ದರೆ ದುಡ್ಡು ವ್ಯರ್ಥ. ಹೋಸ್ ಬಿಚ್ಚಿ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕೆಂಪಾದರೆ ಧೂಳು ಫಿಲ್ಟರ್ ದಾಟಿ ಬರುತ್ತಿದೆ ಎಂದೇ ಅರ್ಥ. ಆಗ ಕ್ಲಾಂಪ್, ಸೀಲ್, ಹೋಸಿನ ಮಡಿಕೆಗಳನ್ನು ಒಂದೊಂದಾಗಿ ನೋಡಬೇಕು.

ಆಯಿಲ್ ಫಿಲ್ಟರ್: ಎರಡು ಬಗೆಯ ಕೆಲಸ

ಎಂಜಿನ್‌ನೊಳಗೆ ಕೊಳೆ ಹುಟ್ಟುವುದೂ ಉಂಟು. ಡೀಸೆಲ್ ಉರಿದ ಮಸಿ ರಿಂಗ್ ದಾಟಿ ಆಯಿಲ್ ಸೇರುತ್ತದೆ. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್‌ಗೇ ಕಳಿಸುವ ಇಜಿಆರ್ ಇರುವ ಲಾರಿಗಳಲ್ಲಿ ಈ ಮಸಿ ಇನ್ನೂ ಹೆಚ್ಚು. ಜೊತೆಗೆ ಸವೆದ ಲೋಹದ ಪುಡಿ ಸೇರುತ್ತದೆ.

ಕಂಪನಿ ಕೊಡುವ ಫುಲ್ ಫ್ಲೋ ಫಿಲ್ಟರ್ ಮೂಲಕ ಬೇರಿಂಗ್‌ಗಳಿಗೆ ಹೋಗುವ ಆಯಿಲ್ ಅಷ್ಟೂ ಹಾಯುತ್ತದೆ. ಆಯಿಲ್ ಸಲೀಸಾಗಿ ಹರಿಯಬೇಕಾದ್ದರಿಂದ ಅದರ ಕಾಗದ ತೀರಾ ದಟ್ಟವಾಗಿರಲು ಸಾಧ್ಯವಿಲ್ಲ. ದೊಡ್ಡ ಕಣಗಳನ್ನು ಹಿಡಿದು ಸಣ್ಣವನ್ನು ಬಿಡುತ್ತದೆ. ಅದು ಕಟ್ಟಿಕೊಂಡರೆ ಒಂದು ವಾಲ್ವ್ ತೆರೆದು, ಸೋಸದ ಆಯಿಲನ್ನೇ ಬೇರಿಂಗಿಗೆ ಬಿಡುತ್ತದೆ. ಆಯಿಲ್ ಇಲ್ಲದೆ ಓಡುವುದಕ್ಕಿಂತ ಕೊಳೆ ಆಯಿಲ್ ವಾಸಿ ಎಂಬ ಲೆಕ್ಕ ಅದು.

ಇಲ್ಲಿ ಉತ್ತಮ ಫಿಲ್ಟರನ್ನು ಗುರುತಿಸುವ ಅಂಕಿ ಬೀಟಾ. 20 ಮೈಕ್ರಾನಿಗೆ ಬೀಟಾ 2 ಎಂದರೆ ಆ ಗಾತ್ರದ ಕಣಗಳಲ್ಲಿ ಅರ್ಧ ದಾಟುತ್ತವೆ. ಬೀಟಾ 75 ಎಂದರೆ 75ರಲ್ಲಿ ಒಂದೇ ದಾಟುತ್ತದೆ. ಡಬ್ಬಿಯ ಮೇಲೆ ಬರೀ "20 ಮೈಕ್ರಾನ್" ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಬೈಪಾಸ್ ಫಿಲ್ಟರ್ ಎಂಬ ಹೆಚ್ಚುವರಿ ಸಾಧನಕ್ಕೂ ಮೇಲೆ ಹೇಳಿದ ವಾಲ್ವಿಗೂ ಸಂಬಂಧವಿಲ್ಲ. ಇದು ಹರಿಯುವ ಆಯಿಲ್‌ನಲ್ಲಿ ಶೇ. 10ರ ಒಳಗಿನ ಪಾಲನ್ನು ಸಣ್ಣ ರಂಧ್ರದ ಮೂಲಕ ಬೇರೆ ತೆಗೆದು, ನಿಧಾನವಾಗಿ ಕೆಲವೇ ಮೈಕ್ರಾನ್‌ವರೆಗೆ ಸೋಸಿ ಮತ್ತೆ ಆಯಿಲ್ ಚೇಂಬರಿಗೆ ಬಿಡುತ್ತದೆ. ಕೆಲವು ಗಂಟೆಗಳಲ್ಲಿ ಇಡೀ ಆಯಿಲ್ ಹಲವು ಸಲ ಅದರಲ್ಲಿ ಹಾದಿರುತ್ತದೆ. ಇದರ ಇನ್ನೊಂದು ರೂಪ ಸೆಂಟ್ರಿಫ್ಯೂಜ್: ಆಯಿಲ್ ಒತ್ತಡದಿಂದಲೇ ಗಿರಗಿರನೆ ತಿರುಗುವ ಬಟ್ಟಲಿನ ಗೋಡೆಗೆ ಮಸಿ ಕರಿ ಮೇಣದಂತೆ ಅಂಟಿ ನಿಲ್ಲುತ್ತದೆ.

ಬೈಪಾಸ್ ಫಿಲ್ಟರ್ ಜೋಡಿಸಿದರೆ ಹೊರಗೆ ಎರಡು ಹೋಸ್ ಬರುತ್ತವೆ. ಅವು ಫ್ರೇಮಿಗೆ ಉಜ್ಜಿ ಒಡೆದರೆ ಆಯಿಲ್ ಎಲ್ಲ ರಸ್ತೆ ಪಾಲಾಗಿ ಎಂಜಿನ್ ಸೀಜ್ ಆಗುತ್ತದೆ. ಜೋಡಣೆಯಲ್ಲಿ ಉಳಿತಾಯ ಮಾಡಬಾರದು ಎನ್ನುವುದು ಇದಕ್ಕೇ. ಫಿಲ್ಟರ್ ಕೊಳೆಯನ್ನು ತೆಗೆಯುತ್ತದೆಯೇ ಹೊರತು ಆಯಿಲ್‌ಗೆ ಬೆರೆತ ಡೀಸೆಲನ್ನು ಬೇರ್ಪಡಿಸುವುದಿಲ್ಲ, ಖರ್ಚಾದ ರಾಸಾಯನಿಕಗಳನ್ನು ಮರಳಿ ತುಂಬುವುದೂ ಇಲ್ಲ. ಆದ್ದರಿಂದ ಆಯಿಲ್ ಬದಲಿಸುವ ಅಂತರ ಹೆಚ್ಚಿಸುವ ಮೊದಲು ಲ್ಯಾಬ್ ಪರೀಕ್ಷೆ ಬೇಕು. ಆ ವರದಿಯಲ್ಲಿ ಸಿಲಿಕಾನ್ ಏರಿದ್ದರೆ ಸಾಮಾನ್ಯವಾಗಿ ಧೂಳು ಬರುವ ದಾರಿ ತೆರೆದಿದೆ ಎಂದು ಊಹಿಸಬಹುದು. ಕಬ್ಬಿಣ ಏರಿದ್ದರೆ ಲೈನರ್, ತಾಮ್ರ ಮತ್ತು ಸೀಸ ಏರಿದ್ದರೆ ಬೇರಿಂಗ್ ಸವೆಯುತ್ತಿರುವ ಅನುಮಾನ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ಹೊಗೆ ನಿಯಮದ ಲಾರಿಗಳಿಗೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು, ಮತ್ತು ವಾರಂಟಿಯೊಳಗಿದ್ದರೆ ಹೊಸದೇನನ್ನಾದರೂ ಜೋಡಿಸುವ ಮೊದಲು ಡೀಲರ್‌ನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

ಹಣ ಹಾಕುವ ಕ್ರಮ ಹೀಗಿರಬಹುದು. ಯಾವ ಲಾರಿಗೇ ಆದರೂ ಮೊದಲು ಹೋಸ್, ಕ್ಲಾಂಪ್, ಸೀಲ್ ಸರಿಪಡಿಸಿ, ನಂಬಿಕೆಯ ಅಂಗಡಿಯಿಂದ ಅಸಲಿ ಫಿಲ್ಟರ್ ತರುವುದು. ಡಾಂಬರು ಹೆದ್ದಾರಿಯಲ್ಲೇ ಓಡುವ ಲಾರಿಗೆ ಅಷ್ಟೇ ಸಾಕು. ಗಣಿ, ಕ್ವಾರಿಯ ಟಿಪ್ಪರ್‌ಗೆ ಅದರ ಮೇಲೆ ಪ್ರೀ ಕ್ಲೀನರ್ ಮತ್ತು ನ್ಯಾನೊ ಫೈಬರ್ ಫಿಲ್ಟರ್. ಬೈಪಾಸ್ ಫಿಲ್ಟರ್ ಕೊನೆಗೆ: ಒಂದೇ ಬಗೆಯ ಹತ್ತಾರು ಗಾಡಿ ಇದ್ದು, ಆಯಿಲ್ ಪರೀಕ್ಷೆ ತಪ್ಪದೆ ಮಾಡಿಸುವ ಮಾಲೀಕರಿಗೆ ಅದರ ಖರ್ಚು ಮರಳಿ ಬರುವ ಸಾಧ್ಯತೆ ಹೆಚ್ಚು.